ಎರಡಿಂಚು ಸೇರಿಸಿದ ಅಳತೆ

ಅಳತೆಯಕ್ಕನ ಹೊಲಿಗೆ ಅಂಗಡಿಯಲ್ಲಿ ಯಾರ ನಿಜವಾದ ಅಳತೆಯೂ ಗಟ್ಟಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದುದೆಲ್ಲ ಎರಡಿಂಚು ಸೇರಿಸಿದ್ದು.

ಇದಕ್ಕೆ ಕಾರಣ ಅವಳ ಸೋದರಮಾವ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವನೇ. ಕತ್ತರಿ ಹಿಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮಾಡುವವನು; ಆದರೆ ಕಿವಿಗಳು ಕೈಕೊಟ್ಟು ಬಹಳ ವರ್ಷಗಳಾಗಿದ್ದವು. ಪರದೆಯ ಹಿಂದೆ ಗಿರಾಕಿಯನ್ನು ನಿಲ್ಲಿಸಿಕೊಂಡು ಅಕ್ಕ ಟೇಪು ಹಿಡಿದು ಕೂಗಬೇಕು, ಮಾವ ಮೇಜಿನ ಮೇಲೆ ಹಾಸಿದ ಬಟ್ಟೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಅಂಗಡಿಯೋ ರಸ್ತೆಗೆ ಬಾಯಿ ತೆರೆದುಕೊಂಡು ಕೂತಿತ್ತು. ಕಾಯುವವರ ಬೆಂಚಿನ ಮೇಲೆ ಸದಾ ಇಬ್ಬರು ಮೂವರು ಇದ್ದೇ ಇರುತ್ತಿದ್ದರು. ಒಂದು ದಿನ ಅಕ್ಕ ಒಬ್ಬ ಹೆಂಗಸಿನ ಸೊಂಟದ ಅಳತೆ ಕೂಗಿದಾಗ ಬೆಂಚಿನ ಮೇಲಿದ್ದ ಆಕೆಯ ಓರಗಿತ್ತಿ ಕಿಸಕ್ಕನೆ ನಕ್ಕಳು. ಪರದೆಯ ಹಿಂದೆ ನಿಂತಿದ್ದವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಅಕ್ಕ ನೋಡಿದಳು. ಆವತ್ತೇ ತೀರ್ಮಾನವಾಯಿತು. ಇನ್ನು ಮುಂದೆ ಅಕ್ಕ ಎಲ್ಲದಕ್ಕೂ ಎರಡು ಸೇರಿಸಿ ಕೂಗುವುದು, ಮಾವ ಎರಡು ಕಳೆದು ಕತ್ತರಿಸುವುದು.

"ಸೇರಿಸೋದು ಯಾಕೆ, ಕಳೆದು ಕೂಗು. ಕೇಳಿದವರಿಗೂ ಖುಷಿ ಆಗುತ್ತೆ" ಎಂದಿದ್ದಳು ಅವಳ ತಂಗಿ.

"ಕಳೆದು ಕೂಗಿದ್ರೆ ಎಲ್ಲರೂ ಅದನ್ನೇ ನಿಜ ಅಂತ ನಂಬಿಬಿಡ್ತಾರೆ. ಆಮೇಲೆ ಬಟ್ಟೆ ಸಡಿಲ ಆಯ್ತು ಅಂತ ಜಗಳಕ್ಕೆ ಬರ್ತಾರೆ. ಸೇರಿಸಿದ್ರೆ ಒಬ್ಬರೂ ನಂಬಲ್ಲ. ಅದೇ ನಮಗೆ ಬೇಕಾಗಿರೋದು" ಎಂದು ಅಕ್ಕ ಕಣ್ಣು ಮಿಟುಕಿಸಿದ್ದಳು.

ಅವಳ ಹೆಮ್ಮೆಯೆಲ್ಲ ಇದರಲ್ಲೇ ಇತ್ತು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಅಂಗಡಿ ಎಂದೂ ದೊಡ್ಡದಾಗಲಿಲ್ಲ. ಆದರೆ ಆ ಬೀದಿಯಲ್ಲಿ ಯಾರ ಬೆನ್ನು ಬಗ್ಗುತ್ತಿದೆ, ಯಾರು ದುಃಖದಲ್ಲಿ ಇಳಿದುಹೋಗಿದ್ದಾರೆ, ಮನೆಯಲ್ಲಿ ಇನ್ನೂ ಹೇಳದ ಬಸಿರು ಯಾರದ್ದು ಎನ್ನುವುದೆಲ್ಲ ಟೇಪಿನಿಂದ ಅವಳಿಗೆ ಗೊತ್ತಾಗುತ್ತಿತ್ತು, ಮತ್ತು ಅದೆಲ್ಲ ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅಕ್ಕನ ಬಾಯಿ ಬಿಡಿಸಲು ಹೋಗಿ ಸೋತವರ ಪಟ್ಟಿಯಲ್ಲಿ ಅವಳ ತಂಗಿಯೂ ಇದ್ದಳು. ಸೋತದ್ದಕ್ಕೆ ಅವಳಿಗೆ ಇಂದಿಗೂ ಸಿಟ್ಟಿದೆ.

ಇಂಥ ಅಂಗಡಿಗೆ ಗುಬ್ಬಿ ಬಂದಳು.

ಗುಬ್ಬಿ ಎನ್ನುವುದು ಅಕ್ಕ ಇಟ್ಟ ಹೆಸರು. ಸಣ್ಣ ದೇಹ, ಒಂದು ಕಡೆ ನಿಲ್ಲದ ಕಣ್ಣು, ಬಾಗಿಲು ಕಿರ್ರೆಂದರೂ ಹಾರಿಬೀಳುವ ಸ್ವಭಾವ. ಪಕ್ಕದಲ್ಲಿ ಅಷ್ಟೇ ಸಣ್ಣ ಹೆಣ್ಣುಮಗು. ಕೈಹೊಲಿಗೆ ಬರುತ್ತದೆ, ಕೆಲಸ ಕೊಡಿ ಎಂದು ಕೇಳಿದಳು. ಅಕ್ಕ ಒಂದು ಕೋಟಿನ ತುಂಡು ಕೊಟ್ಟು ಕಾಜಾ ಹಾಕಲು ಹೇಳಿದಳು. ಕಾಜಾ ಎಂದರೆ ಗುಂಡಿ ತೂರಿಸುವ ಕಣ್ಣು. ಈಗ ಎಲ್ಲ ಕಡೆ ಯಂತ್ರವೇ ಹಾಕುತ್ತದೆ, ಕೈಯಲ್ಲಿ ಹಾಕುವವರು ಸಿಗುವುದಿಲ್ಲ. ಗುಬ್ಬಿ ಹಾಕಿಕೊಟ್ಟದ್ದನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿ, ಉಗುರಿನಲ್ಲಿ ಸವರಿ, ಮಾವನ ಕೈಗೆ ಕೊಟ್ಟಳು. ಮಾವ ಕನ್ನಡಕ ಏರಿಸಿ ನೋಡಿ, "ಇವಳನ್ನ ಬಿಡಬೇಡ" ಎಂದು ಇಡೀ ಬೀದಿಗೆ ಕೇಳಿಸುವಂತೆ ಗುಟ್ಟು ಹೇಳಿದ.

"ಒಂದು ಮಾತು ಅಕ್ಕಾ" ಎಂದಳು ಗುಬ್ಬಿ. "ನನ್ನ ಫೋಟೋ ಯಾರೂ ತೆಗೀಬಾರದು. ನನ್ನ ಹೆಸರು ಎಲ್ಲೂ ಬರಬಾರದು. ನಮ್ಮನೆಯವರು ನನ್ನನ್ನ ಹುಡುಕ್ತಿದ್ದಾರೆ. ಸಿಕ್ಕಿದ್ರೆ ಈ ಸಲ ಬಿಡಲ್ಲ."

ಮಗು ಅಮ್ಮನ ಸೆರಗು ಹಿಡಿದು ನಿಂತಿತ್ತು. ಸೆರಗು ಸರಿದಾಗ ಗುಬ್ಬಿಯ ಮೊಣಕೈಯ ಮೇಲೆ ಮಾಸದ ಗಾಯವೊಂದು ಕಂಡಿತು. ಅಕ್ಕ ಮತ್ತೇನೂ ಕೇಳಲಿಲ್ಲ. "ನಿನ್ನ ಹೆಸರು ನನಗೂ ಬೇಡ. ನೀನು ಗುಬ್ಬಿ. ಒಳಗೆ ಹೋಗಿ ಕೂತ್ಕೋ" ಎಂದಳು.

ಅಂಗಡಿಯ ಹಿಂದಿನ ಕೋಣೆ ಗುಬ್ಬಿಯದಾಯಿತು. ಒಂದು ಕಿಟಕಿ, ಒಂದು ಚಾಪೆ, ಹಿಂದಿನ ಓಣಿಗೆ ತೆರೆಯುವ ಒಂದು ಬಾಗಿಲು. ರಸ್ತೆಯವರಿಗೆ ಅಂಥವಳೊಬ್ಬಳು ಅಲ್ಲಿರುವುದೇ ಗೊತ್ತಿರಲಿಲ್ಲ. ಮಗು ಶಾಲೆಗೆ ಸೇರಿತು. ಮೊದಮೊದಲು ಯಾರ ಜೊತೆಗೂ ಮಾತಾಡದ ಮಗು, ಕ್ರಮೇಣ ಸಂಜೆ ಬಂದು ಮಾವನ ಕಿವಿಯಲ್ಲಿ ಶಾಲೆಯ ಸುದ್ದಿಯನ್ನೆಲ್ಲ ಕೂಗತೊಡಗಿತು.

ಮನುಷ್ಯರಿಂದ ಬಚ್ಚಿಟ್ಟುಕೊಳ್ಳುವುದೇನೋ ಆಯಿತು. ಫೋನಿನಿಂದ ಬಚ್ಚಿಟ್ಟುಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಒಂದು ಮಧ್ಯಾಹ್ನ ಗುಬ್ಬಿ ಒಳಕೋಣೆಯಿಂದ ಚೀರಿದಳು. ಅಕ್ಕ ಓಡಿ ಹೋದರೆ, ಫೋನು ಚಾಪೆಯ ಮೇಲೆ ಬಿದ್ದಿತ್ತು. ಅದರಲ್ಲೊಬ್ಬ ಹೆಂಗಸಿನ ಮುಖ, ಕೆಳಗೆ 'ನಿಮಗೆ ಪರಿಚಯವಿರಬಹುದು' ಎಂಬ ಬರಹ. ಗುಬ್ಬಿಯ ನಾದಿನಿ. ಗುಬ್ಬಿ ನಂಬರು ಬದಲಾಯಿಸಿದ್ದಳು, ಹೆಸರು ಬದಲಾಯಿಸಿದ್ದಳು, ಮುಖದ ಜಾಗದಲ್ಲಿ ಒಂದು ಹೂವಿನ ಚಿತ್ರ ಹಾಕಿದ್ದಳು. ಆದರೂ ಆ ಫೋನು ಮದುವೆ ದಲ್ಲಾಳಿಯ ಹಾಗೆ ಇಬ್ಬರನ್ನೂ ಕೂಡಿಸಲು ಹೊರಟಿತ್ತು.

"ಅವಳು ನನಗೆ ಕಂಡಳು ಅಂದ್ರೆ ನಾನೂ ಅವಳಿಗೆ ಕಂಡಿರ್ತೀನಿ ಅಲ್ವಾ ಅಕ್ಕಾ?"

ಅಕ್ಕ ಯಾವಾಗಲೂ ಫೋನಿನಲ್ಲೇ ಮುಳುಗಿರುವ ತಂಗಿಯನ್ನು ಕರೆಸಿದಳು. ಮೂವರೂ ಚಾಪೆಯ ಮೇಲೆ ಕೂತು, ತಂಗಿ ಹೇಳಿದಂತೆ ಒಂದೊಂದನ್ನೇ ಮುಚ್ಚುತ್ತ ಹೋದರು. ಇರುವ ಜಾಗ ತೋರಿಸುವುದನ್ನು ಮುಚ್ಚಿದರು. ನಂಬರುಗಳ ಪಟ್ಟಿ ನೋಡುವ ಅನುಮತಿಯನ್ನು ಕಿತ್ತುಹಾಕಿದರು. ಕೊನೆಗೆ ಗುಬ್ಬಿ ಖಾತೆಯನ್ನೇ ಅಳಿಸಿದಳು. ಅಳಿಸುವ ಮುಂಚೆ ಅದು, 'ಖಚಿತವೇ? ನಿಮ್ಮ ಗೆಳೆಯರು ನಿಮ್ಮನ್ನು ನೆನೆಯುತ್ತಾರೆ' ಎಂದು ಕೇಳಿತು. "ಅವರು ನೆನೆಯೋದೇ ನನಗೆ ಕಷ್ಟ ಆಗಿರೋದು" ಎಂದಳು ಗುಬ್ಬಿ. ಅವಳು ತಮಾಷೆ ಮಾಡಿದ್ದನ್ನು ಅಕ್ಕ ಕೇಳಿದ್ದು ಅದೇ ಮೊದಲು.

ಆಮೇಲೆ ಅಂಗಡಿಯ ಫೋನಿನಲ್ಲಿ ಒಮ್ಮೆ, 'ಗಂಡನಿಗೆ ಸಿಗದ ಹಾಗೆ ಬದುಕುವುದು ಹೇಗೆ' ಎಂದು ಗುಬ್ಬಿ ಹುಡುಕಿದಳಂತೆ. ಮರುದಿನದಿಂದ ಆ ಫೋನು ತೆರೆದರೆ ಸಾಕು, 'ಕಾಣೆಯಾದ ಸಂಗಾತಿಯನ್ನು ಹುಡುಕಿಕೊಡುತ್ತೇವೆ' ಎಂಬ ಜಾಹೀರಾತು. ಅಕ್ಕನಿಗೆ ಮೈ ಉರಿಯಿತು. "ನಾನು ಒಬ್ಬರ ಸೊಂಟದ ಅಳತೆ ಇನ್ನೊಬ್ಬರಿಗೆ ಕೇಳಿಸಬಾರದು ಅಂತ ಜೀವಮಾನವಿಡೀ ಸುಳ್ಳು ಕೂಗ್ತಿದ್ದೀನಿ. ಇದಕ್ಕೆ ಒಂದು ಮಾತು ಹೇಳಿದ್ರೆ ಊರಿಗೆಲ್ಲ ಡಂಗುರ!" ಎಂದು ಫೋನನ್ನು ಸೂಜಿಡಬ್ಬಿಯ ಕೆಳಗೆ ತುರುಕಿದಳು. ಅಲ್ಲಿಂದಲೂ ಅದು ಟಿಣ್ ಎಂದಿತು.

ಇಷ್ಟೆಲ್ಲ ಗೊತ್ತಿದ್ದವಳು ತಪ್ಪು ಮಾಡಿದ್ದಾದರೂ ಹೇಗೆ ಎಂದರೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಲೇ ಮಾಡಿದಳು.

ಪಕ್ಕದ ರಸ್ತೆಯಲ್ಲಿ ಸಿದ್ಧ ಉಡುಪಿನ ದೊಡ್ಡ ಮಳಿಗೆ ಬಂದು ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಅಂಗಡಿಗೂ ಫೋನಿನಲ್ಲಿ ಒಂದು ಪುಟ ಮಾಡೋಣ, ಜನ ನೋಡಲಿ ಎಂದು ತಂಗಿ ಬೆನ್ನು ಬಿದ್ದಳು. ಅಕ್ಕ ಷರತ್ತು ಹಾಕಿ ಒಪ್ಪಿದಳು. ಯಾರ ಮುಖವೂ ಬೇಡ. ಒಳಕೋಣೆಯ ಬಾಗಿಲು ಬೇಡ. ಕನ್ನಡಿ ಇರುವ ಗೋಡೆಯಂತೂ ಬೇಡವೇ ಬೇಡ. ಅಂಗಡಿಯ ವಿಳಾಸ ಇರಲಿ, ಅಂಗಡಿ ಎಂದಮೇಲೆ ವಿಳಾಸ ಬೇಕಲ್ಲ. ಅದು ಗುಬ್ಬಿಯದೇನೂ ಅಲ್ಲ. ಪ್ರತಿ ಚಿತ್ರವನ್ನೂ ಅಕ್ಕ ಹೊಸ ಬಟ್ಟೆಯಲ್ಲಿ ಎಳೆ ಬಿಟ್ಟಿದೆಯಾ ಎಂದು ನೋಡುವಷ್ಟು ಎಚ್ಚರದಿಂದ ನೋಡಿ, ಆಮೇಲೆ ಹಾಕಿಸುತ್ತಿದ್ದಳು. ಒಮ್ಮೆ ಗಾಜಿನ ಲೋಟದಲ್ಲಿ ಯಾರದೋ ನೆರಳು ಕಂಡಂತಾಗಿ ಒಳ್ಳೆಯ ಚಿತ್ರವೊಂದನ್ನೇ ಕೈಬಿಟ್ಟಿದ್ದಳು.

ಒಂದು ದಿನ ಕಪ್ಪು ಉಣ್ಣೆಯ ಕೋಟೊಂದು ಮುಗಿದು ಮೇಜಿನ ಮೇಲಿತ್ತು. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದು ಗುಬ್ಬಿ ಹಾಕಿದ ಕಾಜಾ ಎದ್ದು ಕಾಣುತ್ತಿತ್ತು. ದಾರದ ಒಂದೊಂದು ಸುತ್ತೂ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತಿತ್ತು, ಕೊನೆಯ ಗಂಟು ಎಡಕ್ಕೆ ತಿರುಗಿ ಬಟ್ಟೆಯೊಳಗೆ ಮಾಯವಾಗಿತ್ತು. ಅಕ್ಕ ತಾನೇ ಫೋನು ಹಿಡಿದು ತೀರ ಹತ್ತಿರದಿಂದ ಚಿತ್ರ ತೆಗೆದಳು. ಮುಖವಿಲ್ಲ, ಬೆರಳಿಲ್ಲ, ಮೇಜಿನ ಅಂಚೂ ಇಲ್ಲ. ಉಗುರಿನಷ್ಟು ಗುಂಡಿಯ ಕಣ್ಣಿನಲ್ಲಿ ಯಾರ ಗುಟ್ಟು ಇರಲು ಸಾಧ್ಯ? 'ನಮ್ಮಲ್ಲಿ ಕೈಯಲ್ಲೇ ಕಾಜಾ ಹಾಕುತ್ತೇವೆ' ಎಂದು ಬರೆದು ಹಾಕಿಬಿಟ್ಟಳು.

ಆ ಚಿತ್ರಕ್ಕೆ ರೆಕ್ಕೆ ಬಂತು. ಎಲ್ಲೆಲ್ಲಿಯದೋ ದರ್ಜಿಗಳು, ಹೊಲಿಗೆ ಕಲಿಯುವವರು, ಕಲಿಸುವವರು ಮೆಚ್ಚಿದರು, ತಮ್ಮ ತಮ್ಮ ಗುಂಪುಗಳಿಗೆ ಹಾಕಿಕೊಂಡರು. ಯಾರೋ ಅದಕ್ಕೆ ಸಂಗೀತ ಸೇರಿಸಿ ವಿಡಿಯೋ ಮಾಡಿದರು. ಅಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊಗಳಿದವರಿಗೆಲ್ಲ ಕೈಮುಗಿಯುವ ಗುರುತು ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡಳು. ಇದನ್ನು ಗುಬ್ಬಿಗೆ ತೋರಿಸಬೇಕು, ಲೋಕವೇ ನಿನ್ನ ಕೈ ಮೆಚ್ಚಿದೆ ನೋಡು, ನಿನ್ನ ಹೆಸರಿಲ್ಲ, ಮುಖವಿಲ್ಲ, ಹೆದರಬೇಡ ಎನ್ನಬೇಕು ಎಂದು ಆಸೆಪಟ್ಟು ಒಳಗೆ ಹೋದಳು.

ಗುಬ್ಬಿ ನೋಡಿದಳು. ಕೈಯಲ್ಲಿದ್ದ ಸೂಜಿಯನ್ನು ಬಹಳ ನಿಧಾನವಾಗಿ ಚಾಪೆಗೆ ಚುಚ್ಚಿದಳು.

"ಅಕ್ಕಾ, ನಮ್ಮನೆಯವರೂ ದರ್ಜಿ."

ಅಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ.

"ಈ ಕಾಜಾ ಅವರೇ ಕಲಿಸಿದ್ದು. ಗಂಟು ಎಡಕ್ಕೆ ತಿರುಗಿಸೋದು ಅವರದ್ದೇ ರೀತಿ, ಬೇರೆ ಯಾರೂ ಹಾಗೆ ಹಾಕಲ್ಲ. ತಪ್ಪಿದ್ರೆ ಮರದ ಸ್ಕೇಲಿನಲ್ಲಿ ಗೆಣ್ಣಿಗೆ ಹೊಡೀತಿದ್ರು. ಸರಿಯಾಗಿ ಬರೋವರೆಗೂ ಊಟ ಇಲ್ಲ." ಗುಬ್ಬಿ ಫೋನಿನ ಪರದೆಯ ಮೇಲೆ ಬೆರಳು ಸರಿಸುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. ಮುಖದ ಜಾಗದಲ್ಲಿ ಬರೀ ಬೂದುಬಣ್ಣದ ನೆರಳಿದ್ದ ಒಂದು ಖಾತೆ. 'ಗಂಟು ಎಡಕ್ಕೆ. ತುಂಬ ಚೆನ್ನಾಗಿದೆ' ಎಂದು ಬರೆದಿತ್ತು. ಅದರ ಕೆಳಗೆ ಅಕ್ಕ ಒತ್ತಿದ ಕೈಮುಗಿಯುವ ಗುರುತು.

"ಇವರೇ" ಎಂದಳು ಗುಬ್ಬಿ. "ತುಂಬ ಚೆನ್ನಾಗಿದೆ ಅಂದಮೇಲೇ ಏಟು ಬೀಳ್ತಿದ್ದದ್ದು."

ಅಕ್ಕ ತಂಗಿಗೆ ಹೇಳಿ ಆ ಚಿತ್ರವನ್ನು ಅಳಿಸಿಸಿದಳು. ತಮ್ಮ ಪುಟದಿಂದ ಅದು ಹೋಯಿತು. ಆದರೆ ಕೈಕಾಜಾ ಎಂದು ಹುಡುಕಿದರೆ ಈಗಲೂ ಮೊದಲಿಗೆ ಬರುವುದು ಅದೇ ಚಿತ್ರ, ಯಾರ್‍ಯಾರದೋ ಪುಟಗಳಿಂದ, ಕೆಲವು ಕಡೆ ಅಂಗಡಿಯ ಹೆಸರಿನ ಸಮೇತ. ತಂಗಿ ಆ ಪುಟಗಳನ್ನು ನಡೆಸುವ ಕಂಪನಿಗೆ ದೂರು ಕೊಟ್ಟಳು. ಪರಿಶೀಲಿಸಿದ್ದೇವೆ, ಈ ಚಿತ್ರ ನಮ್ಮ ನಿಯಮಗಳನ್ನು ಮುರಿದಿಲ್ಲ ಎಂಬ ಉತ್ತರ ಬಂತು. ಅದೂ ನಿಜವೇ. ಗುಂಡಿಯ ಕಣ್ಣು ಯಾವ ನಿಯಮವನ್ನು ಮುರಿದೀತು? ಹಂಚಿಕೊಂಡವರಿಗೆ ಅಕ್ಕ ಒಬ್ಬೊಬ್ಬರಾಗಿ ಬರೆದು ಬೇಡಿಕೊಂಡಳು. "ಕಾಜಾದಲ್ಲಿ ಏನಿದೆ ಆಂಟಿ, ಯಾಕೆ ಇಷ್ಟು ಗಾಬರಿ?" ಎಂದು ಕೇಳಿದರು. ಏನಿದೆ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಅದೂ ಊರೆಲ್ಲ ಸುತ್ತುತ್ತದೆ. ಕೆಲವರು ತೆಗೆದರು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ.

ಗುಬ್ಬಿ ಅವತ್ತೇ ಹೊರಡುತ್ತೇನೆಂದಳು. ತಡೆದವಳು ಅಕ್ಕ. "ಆ ಮಾತು ಲೋಕದಲ್ಲಿ ಅವನೊಬ್ಬನೇ ಆಡೋದಾ? ಮಗು ಈಗ ತಾನೇ ನಗೋಕೆ ಶುರು ಮಾಡಿದೆ. ಪರೀಕ್ಷೆ ಮುಗೀಲಿ. ನಾನಿಲ್ವಾ?" ಎಂದಳು. ನಾನಿಲ್ವಾ ಎಂದವಳು ಏನು ಮಾಡಬಲ್ಲಳು ಎಂದು ಇಬ್ಬರೂ ಯೋಚಿಸಲಿಲ್ಲ. ಮಗುವಿನ ಮುಖ ನೋಡಿ ಗುಬ್ಬಿ ಉಳಿದಳು.

ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಒಬ್ಬ ಗಂಡಸು ಕೋಟು ಹೊಲಿಸಬೇಕೆಂದು ಬಂದ. ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಗುಬ್ಬಿಯ ಗಂಡನೆಂದರೆ ಅಕ್ಕನ ಕಲ್ಪನೆಯಲ್ಲಿ ಕೆಂಪು ಕಣ್ಣಿನ, ಹುರಿಮೀಸೆಯ ಧಡಿಯ. ಇವನು ಮಾವನ ಕತ್ತರಿ ನೋಡಿ "ಒಳ್ಳೆ ಕತ್ತರಿ" ಎಂದ. ಕೇಳಿಸದಿದ್ದರೂ ಮಾವ ನಕ್ಕ. ಅಕ್ಕನಿಗೆ, ಹೇಳಲು ಈಗ ನಾಚಿಕೆಯಾಗುತ್ತದೆ, ಅವನು ಹಿಡಿಸಿದ.

ಟೇಪು ಹಿಡಿದಳು. ಅಳೆಯಲು ಎಷ್ಟು ಚೆಂದ ನಿಂತ! ಉಸಿರು ಬಿಗಿಹಿಡಿಯದೆ, ಎದೆ ಉಬ್ಬಿಸದೆ, ತೋಳನ್ನು ಸರಿಯಾಗಿ ಬೇಕಾದಷ್ಟೇ ಎತ್ತಿ. ಅಕ್ಕ ಎಂದಿನಂತೆ ಎರಡೆರಡು ಸೇರಿಸಿ ಮಾವನಿಗೆ ಕೂಗಿದಳು.

"ಎದೆ ನಲವತ್ತು! ಭುಜ ಇಪ್ಪತ್ತು! ತೋಳು ಇಪ್ಪತ್ತಾರು! ಬಲಭುಜ ಇಳಿದಿದೆ, ನೋಡ್ಕೊಂಡು ಕತ್ತರಿಸು!"

ಒಳಕೋಣೆಯಲ್ಲಿ ಡಬ್ಬಿಯೊಂದು ಬಿದ್ದು ಗುಂಡಿಗಳು ನೆಲದ ಮೇಲೆಲ್ಲ ಉರುಳಿದ ಸದ್ದಾಯಿತು. ಅದರ ಹಿಂದೆಯೇ ಓಣಿಯ ಬಾಗಿಲು ತೆರೆದ ಸದ್ದು.

ಅಕ್ಕನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಎಷ್ಟೋ ವರ್ಷ ಆ ಎದೆಗೆ, ಆ ಭುಜಕ್ಕೆ ಅಂಗಿ ಹೊಲಿದವಳಿಗೆ ಎರಡು ಕಳೆದು ನೋಡಲು ಎಷ್ಟು ಹೊತ್ತು ಬೇಕು? ಗಂಡಸು ಒಳಬಾಗಿಲಿನ ಕಡೆ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ ನಕ್ಕ.

"ಎಲ್ಲದಕ್ಕೂ ಎರಡು ಸೇರಿಸಿದ್ರಿ ಅಲ್ವಾ? ನನ್ನ ಅಳತೆ ನನಗೆ ಗೊತ್ತು. ನಾನೂ ದರ್ಜಿನೇ."

ಅಕ್ಕ ಒಳಬಾಗಿಲಿಗೆ ಅಡ್ಡ ನಿಂತಳು. ಅವನು ತಳ್ಳಲಿಲ್ಲ, ಕೂಗಾಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಕೋಟಿನ ಕಾಜಾವನ್ನು ಹೆಬ್ಬೆರಳಿನಲ್ಲಿ ಸವರಿದ. "ನನ್ನ ಹೆಂಡತಿ ಕೈ ಇದು. ಮನೆಗೆ ಬರಲಿ ಅಂತ ಹೇಳಿ. ಮಗು ಶಾಲೆಯಿಂದ ಬರೋ ಹೊತ್ತಿಗೆ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೋದ. ಹೋಗಿದ್ದು ಎದುರುಗಡೆಯ ಬಸ್ ನಿಲ್ದಾಣದ ಬೆಂಚಿನವರೆಗೆ ಮಾತ್ರ. ಒಳಕೋಣೆಯಲ್ಲಿ ಗುಬ್ಬಿಯ ಚಪ್ಪಲಿಗಳು ಬಿಟ್ಟಲ್ಲೇ ಇದ್ದವು.

ಗುಬ್ಬಿ ಬರಿಗಾಲಲ್ಲಿ ಶಾಲೆಗೆ ಓಡಿ ಮಗುವನ್ನು ಕರೆದುಕೊಂಡು ಅಕ್ಕನ ತಂಗಿಯ ಮನೆ ಸೇರಿದ್ದಳು. ಅಕ್ಕ ಠಾಣೆಗೆ ಹೋದಳು. ಅಲ್ಲಿದ್ದ ಅಧಿಕಾರಿ ಸಹನೆಯಿಂದಲೇ ಕೇಳಿದ. "ಹೊಡೆದನಾ? ಬೈದನಾ? ಬೆದರಿಸಿದನಾ?" ಇಲ್ಲ. "ಏನು ಮಾಡ್ತಿದ್ದಾನೆ?" ಕೂತಿದ್ದಾನೆ. "ಬೆಂಚಿನ ಮೇಲೆ ಕೂತವನನ್ನ ಏನಂತ ಎಬ್ಬಿಸೋದಮ್ಮ? ಆ ಹೆಂಗಸೇ ಬಂದು ದೂರು ಕೊಡಲಿ, ಹೆಸರು, ವಿಳಾಸ ಎಲ್ಲ ಬರೆದು." ಹೆಸರು, ವಿಳಾಸ ಕೊಡುವ ಹಾಗಿದ್ದರೆ ಇಷ್ಟೆಲ್ಲ ಯಾಕೆ ಎಂದು ಹೇಳಬೇಕೆನಿಸಿತು. ಹೇಳಿ ಪ್ರಯೋಜನವಿಲ್ಲವೆಂದು ಎದ್ದು ಬಂದಳು.

ಫೋನನ್ನು ಅಂಗಡಿಯಲ್ಲೇ ಬಿಟ್ಟು, ಗುಬ್ಬಿಯ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು, ಸುತ್ತುಬಳಸಿನ ದಾರಿಯಲ್ಲಿ ತಂಗಿಯ ಮನೆಗೆ ಹೋದಳು. ಗುಬ್ಬಿ ಹೊರಡಲು ಸಿದ್ಧವಾಗಿದ್ದಳು. ಮಗು ಅಳುತ್ತಿರಲಿಲ್ಲ, ಅದಕ್ಕೆ ಇದೆಲ್ಲ ಅಭ್ಯಾಸವಾದಂತಿತ್ತು. ಅದನ್ನು ನೋಡಿ ಅಕ್ಕನಿಗೆ ಅಳು ತಡೆಯಲಾಗಲಿಲ್ಲ.

"ನನ್ನಿಂದ ಆಯ್ತು ಇದೆಲ್ಲ" ಎಂದಳು.

"ನಿಮಗೆ ಗೊತ್ತಿರಲಿಲ್ಲ ಅಕ್ಕಾ. ನಾನೂ ಹೇಳಿರಲಿಲ್ಲ." ಗುಬ್ಬಿ ತನ್ನ ಬೆರಳುಗಳನ್ನು ನೋಡಿಕೊಂಡಳು. "ಹೆಸರು ಬಿಟ್ಟೆ, ಊರು ಬಿಟ್ಟೆ. ಇನ್ಮೇಲೆ ಕೆಟ್ಟದಾಗಿ ಹೊಲೀಬೇಕು. ಅದೊಂದೇ ನನ್ನದು ಅಂತ ಉಳಿದಿತ್ತು."

"ಎಲ್ಲಿಗೆ ಹೋಗ್ತೀಯ ಅಂತ ನನಗೆ ಹೇಳಬೇಡ" ಎಂದಳು ಅಕ್ಕ. "ಹೊಸ ಹೆಸರು ಇಟ್ಕೋ, ಅದನ್ನೂ ಹೇಳಬೇಡ. ಫೋನು ಮಾಡಬೇಡ, ಕಾಗದ ಬರೀಬೇಡ. ನನಗೆ ಗೊತ್ತಿಲ್ಲದ್ದನ್ನ ನನ್ನಿಂದ ಯಾರೂ ಕಕ್ಕಿಸೋಕೆ ಆಗಲ್ಲ." ಬಹಳ ಬುದ್ಧಿವಂತಿಕೆಯ ಮಾತು ಆಡಿದೆ ಎಂದೇ ಅವಳಿಗೆ ಆಗ ಅನಿಸಿತ್ತು.

ಕತ್ತಲಾಗುವ ಮೊದಲೇ ತಾಯಿ ಮಗಳು ಹೋದರು.

ಅವನು ಎದುರಿನ ಬೆಂಚಿನ ಮೇಲೆ ಹಲವು ದಿನ ಕೂತ. ಬಸ್ಸುಗಳು ಬಂದವು, ಹೋದವು. ಅವನು ಯಾವುದಕ್ಕೂ ಹತ್ತಲಿಲ್ಲ. ಬಸ್ಸಿಗೆ ಕಾಯುವವರು ಅವನಿಗೆ ಜಾಗ ಬಿಟ್ಟು ಕೂರುತ್ತಿದ್ದರು. ಆಮೇಲೊಂದು ದಿನ ಬೆಂಚು ಖಾಲಿಯಿತ್ತು. ಅವನು ಸೋತು ಹೋದನೋ, ಸುಳಿವು ಸಿಕ್ಕಿ ಹೋದನೋ ಎಂದು ಅಕ್ಕನಿಗೆ ತಿಳಿಯಲಿಲ್ಲ. ಅವನು ಕೂತಿದ್ದಾಗಲೇ ಎಷ್ಟೋ ಮೇಲಾಗಿತ್ತು, ಎಲ್ಲಿದ್ದಾನೆ ಎಂದಾದರೂ ಗೊತ್ತಿರುತ್ತಿತ್ತು.

ಅಂಗಡಿಯ ಪುಟವನ್ನು ಮುಚ್ಚಿಸಿದಳು. ಮಾವ ಮೊದಲಿನಂತೆ ಕತ್ತರಿಸಿದ, ಅಕ್ಕ ಮೊದಲಿನಂತೆ ಕೂಗಿದಳು, ಆದರೆ ಗಂಟಲಲ್ಲಿ ಹಳೆಯ ಜೋರು ಇರಲಿಲ್ಲ. ಮಗು ಶಾಲೆಯ ಸುದ್ದಿ ಹೇಳುತ್ತಿದ್ದ ಹೊತ್ತಿಗೆ ಮಾವ ಕೆಲಸ ನಿಲ್ಲಿಸಿ ಒಳಬಾಗಿಲಿನ ಕಡೆ ನೋಡುತ್ತ ಕೂರುತ್ತಿದ್ದ. ಅಕ್ಕನಿಗೆ ಗುಬ್ಬಿಯನ್ನು ಹುಡುಕಬೇಕೆನಿಸುತ್ತಿತ್ತು. ಹುಡುಕುವ ಪೆಟ್ಟಿಗೆಯಲ್ಲಿ ಒಂದೆರಡು ಅಕ್ಷರ ಒತ್ತಿ, ಅಳಿಸಿ, ಫೋನು ಕೆಳಗಿಡುತ್ತಿದ್ದಳು. ಹಿಂದೊಮ್ಮೆ ಒಂದು ಮಾತು ಹುಡುಕಿದ್ದಕ್ಕೆ ಏನಾಯಿತೆಂದು ಮರೆತಿರಲಿಲ್ಲ. ತಾನು ಹುಡುಕಿದ್ದೇ ಯಾರಿಗೋ ದಾರಿಯಾದರೆ? ಆದರೆ ದರ್ಜಿಗಳ ಗುಂಪುಗಳನ್ನು ನೋಡುವುದನ್ನು ಬಿಡಲಾಗಲಿಲ್ಲ. ಸುಮ್ಮನೆ ನೋಡುವುದು, ಏನನ್ನೂ ಒತ್ತದಿರುವುದು. ಕೆಟ್ಟ ಕಾಜಾ ಕಂಡಲ್ಲೆಲ್ಲ ಅವಳ ಕಣ್ಣು ನಿಲ್ಲುತ್ತಿತ್ತು. ನಿಂತ ಕಣ್ಣನ್ನು ಫೋನು ಗಮನಿಸಿಕೊಂಡಿತೇನೋ, ಬರಬರುತ್ತ ಲೋಕದ ಹಾಳು ಕಾಜಾಗಳನ್ನೆಲ್ಲ ಹುಡುಕಿ ತಂದು ಅವಳ ಮುಂದೆ ಸುರಿಯತೊಡಗಿತು.

ಹಾಗೆ ಬಂದದ್ದರಲ್ಲಿ ಒಂದು ಚಿತ್ರ. ಯಾರೋ ಒಬ್ಬ ಗಂಡಸು ತಮಾಷೆಗೆ ಹಾಕಿದ್ದ. 'ಹೊಸ ಕೋಟು, ಕೈಕಾಜಾ ಅಂತೆ, ನೋಡಿ ನಗಿ' ಎಂದು ಬರೆದಿದ್ದ. ದಾರ ಸೊಟ್ಟಗಿತ್ತು, ಅಂಚಿನಲ್ಲಿ ಎಳೆ ಬಿಟ್ಟಿತ್ತು, ಗಂಟು ಬಲಕ್ಕೆ ತಿರುಗಿ ಹೊರಗೇ ಎದ್ದುನಿಂತಿತ್ತು. ಜನ ಮೂಗು ಮುರಿದಿದ್ದರು. ಅಕ್ಕ ಚಿತ್ರವನ್ನು ದೊಡ್ಡದು ಮಾಡಿದಳು. ಸೊಟ್ಟಗಿದ್ದ ಸುತ್ತುಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಸಮನಾಗಿತ್ತು. ಕೆಲಸ ಬಾರದವರು ಹೀಗೆ ಹದವಾಗಿ ಕೆಡಿಸುವುದಿಲ್ಲ. ಬಲ್ಲ ಕೈಯೊಂದು ಬೇಕೆಂದೇ, ಕಷ್ಟಪಟ್ಟು ಕೆಡಿಸಿತ್ತು.

ಬದುಕಿದ್ದಾಳೆ! ಎಲ್ಲೋ ಒಂದು ಕಡೆ ಕೂತು ಹೊಲಿಯುತ್ತಿದ್ದಾಳೆ! ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮಾವನನ್ನು ಕೂಗಿ ಕರೆದು ತೋರಿಸಬೇಕೆಂದು ಬಾಯಿ ತೆರೆದವಳು, ಚಿತ್ರದ ಕೆಳಗಿನ ಮಾತುಗಳನ್ನು ಸುಮ್ಮನೆ ಓದುತ್ತ ಹೋದಳು. ನಕ್ಕವರು, ಹೀಯಾಳಿಸಿದವರು, ಮತ್ತೆ ನಕ್ಕವರು. ಅವರ ನಡುವೆ ಬೂದುಬಣ್ಣದ ನೆರಳು.

'ತುಂಬ ಚೆನ್ನಾಗಿದೆ.'

ತೆರೆದ ಬಾಯಿ ಹಾಗೇ ಉಳಿಯಿತು. ತನಗೆ ಕಂಡದ್ದು ಅವನಿಗೂ ಕಂಡಿತ್ತು.

ಇಷ್ಟು ದಿನ ಹಿಡಿದ ಎಚ್ಚರವೆಲ್ಲ ಒಂದೇ ಗಳಿಗೆಯಲ್ಲಿ ಗಾಳಿಗೆ ಹೋಯಿತು. ಚಿತ್ರ ಹಾಕಿದವನಿಗೆ ಅಕ್ಕ ಗುಟ್ಟಾಗಿ ಸಂದೇಶ ಬರೆದಳು, ಈ ಕೋಟು ಹೊಲಿದ ಅಂಗಡಿ ಯಾವುದು ಎಂದು. ಅವನು ಒಳ್ಳೆಯ ಮನುಷ್ಯ, ಕೂಡಲೇ ಉತ್ತರಿಸಿದ. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಕಳಿಸಿದ. ಜೊತೆಗೆ ಒಂದು ನಗುಮುಖ ಹಾಕಿ ಬರೆದಿದ್ದ. 'ನೆನ್ನೆ ಇನ್ನೊಬ್ಬರೂ ಇದನ್ನೇ ಕೇಳಿದರು. ಇಷ್ಟು ಕೆಟ್ಟ ಕಾಜಾಗೆ ಇಷ್ಟು ಬೇಡಿಕೆಯಾ!'

ಅಕ್ಕ ಕೂಡಲೇ ಆ ನಂಬರು ಒತ್ತಿದಳು. ಬಹಳ ಹೊತ್ತು ರಿಂಗಾಗಿ, ಒಬ್ಬ ಹೆಂಗಸು ಎತ್ತಿಕೊಂಡಳು. ಅಂಗಡಿಯ ಮಾಲೀಕಳಿರಬೇಕು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ಹೇಳಿ, ಯಾರು ಬೇಕಿತ್ತು?"

ಅಕ್ಕನಿಗೆ ಯಾರು ಬೇಕೆಂದು ಹೇಳಲು ಹೆಸರು ಗೊತ್ತಿರಲಿಲ್ಲ. ಹೇಳಬೇಡ ಎಂದು ತಾನೇ ಅಪ್ಪಣೆ ಮಾಡಿದ್ದಳು. ಸಣ್ಣ ಮೈಕಟ್ಟಿನವಳು, ಮೊಣಕೈಯಲ್ಲಿ ಗಾಯದ ಗುರುತು, ಜೊತೆಗೊಂದು ಹೆಣ್ಣುಮಗು ಎಂದು ವರ್ಣಿಸೋಣವೆಂದರೆ, ಆ ಕಡೆ ಯಾರು ಕೇಳಿಸಿಕೊಳ್ಳುತ್ತಿದ್ದಾರೋ, ನೆನ್ನೆ ಕೇಳಿದವನು ಈಗಾಗಲೇ ಅಲ್ಲಿನ ಬೆಂಚಿನ ಮೇಲೆ ಕೂತಿದ್ದಾನೋ.  ಆಗ ಹೊಳೆಯಿತು. ಹೆಸರು ಬೇಕಾಗಿಯೇ ಇಲ್ಲ. ಒಂದು ಅಳತೆ ಗುಬ್ಬಿಯ ಕಿವಿಗೆ ಬಿದ್ದರೆ ಸಾಕು, ಅವಳೇ ತಿಳಿದುಕೊಳ್ಳುತ್ತಾಳೆ.

"ಒಂದು ಕೋಟಿನ ಅಳತೆ ಇದೆ ತಾಯಿ. ನಾನು ಹೇಳ್ತೀನಿ. ನೀವು ಅದನ್ನ ನಿಮ್ಮ ಅಂಗಡಿಯವರಿಗೆಲ್ಲ ಕೇಳೋ ಹಾಗೆ ಜೋರಾಗಿ ಕೂಗಿ ಹೇಳ್ತೀರಾ?"

"ಕೂಗೋದಾ? ಯಾಕಮ್ಮಾ?"

"ಕೂಗಿ ತಾಯಿ, ನಿಮ್ಮ ಕಾಲು ಹಿಡ್ಕೊಳ್ತೀನಿ. ಎದೆ ನಲವತ್ತು. ಭುಜ ಇಪ್ಪತ್ತು. ತೋಳು ಇಪ್ಪತ್ತಾರು. ಬಲಭುಜ ಇಳಿದಿದೆ. ಇಷ್ಟೇ. ಒಂದು ಸಲ ಕೂಗಿ."

 ಆ ಹೆಂಗಸು ದನಿ ತಗ್ಗಿಸಿ, ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದಳು.

"ನಮ್ಮಲ್ಲಿ ಹಾಗೆಲ್ಲ ಅಳತೆ ಕೂಗಲ್ಲಮ್ಮಾ. ಗಿರಾಕಿಗಳ ವಿಷಯ ನಾಲ್ಕು ಜನರ ಕಿವಿಗೆ ಬೀಳಬಾರದು ನೋಡಿ. ಅವರನ್ನೇ ಅಂಗಡಿಗೆ ಕಳಿಸಿಕೊಡಿ."

ಫೋನು ಇಟ್ಟಳು.

ಅಕ್ಕ ಮತ್ತೆ ಮತ್ತೆ ಅದೇ ನಂಬರು ಒ‍ತ್ತಿದಳು. ಯಾರೂ ಎತ್ತಲಿಲ್ಲ. ಕೊನೆಗೆ ಪರದೆಯ ಪಕ್ಕ ಗೋಡೆಗೊರಗಿ ನಿಂತು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. ಎದೆ ನಲವತ್ತು, ಭುಜ ಇಪ್ಪತ್ತು, ತೋಳು ಇಪ್ಪತ್ತಾರು. ಬೆಂಚಿನ ಮೇಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಮಾವ ಗಡಬಡಿಸಿ ಸೀಮೆಸುಣ್ಣ ಎತ್ತಿಕೊಂಡು, ಮೇಜಿನ ಮೇಲಿದ್ದ ಯಾರದೋ ಬಟ್ಟೆಯ ಮೇಲೆ, ಎಂದಿನಂತೆ ಎರಡೆರಡು ಕಳೆದು ಗುರುತು ಹಾಕಿದ.